ವಿಂಡೋಸೋ, ಲಿನಕ್ಸೋ? ಮೊದಲು ಮೀಟರ್ ನೋಡಿ

ಕ್ರಿಪ್ಟೊ ಬೆಲೆ ಏರಿದಾಗಲೆಲ್ಲ ಹುಡುಗರ ನಡುವೆ ಒಂದು ಚರ್ಚೆ ಶುರುವಾಗುತ್ತದೆ: ಮನೆಯ ಕಂಪ್ಯೂಟರಿನಲ್ಲೇ ಮೈನಿಂಗ್ ಮಾಡಿದರೆ ಹೇಗೆ? ಅದಕ್ಕೆ ವಿಂಡೋಸ್ ಸಾಕೇ, ಲಿನಕ್ಸ್ ಹಾಕಬೇಕೇ?

ಬಿಟ್‌ಕಾಯಿನ್ ಮಾತು ಬಿಡಿ. ಅದು ಎಂದೋ ವಿಶೇಷ ಯಂತ್ರಗಳ ಪಾಲಾಗಿದೆ. ಗ್ರಾಫಿಕ್ಸ್ ಕಾರ್ಡ್‌ಗಳಿಗೆ ಕೆಲಸ ಕೊಟ್ಟಿದ್ದ ಈಥೀರಿಯಂ 2022ರ ಸೆಪ್ಟೆಂಬರ್‌ನಲ್ಲಿ ಮೈನಿಂಗನ್ನೇ ಕೈಬಿಟ್ಟಿತು. ಸಾಮಾನ್ಯ ಪ್ರೊಸೆಸರ್‌ಗೆ ಉಳಿದಿರುವ ಮುಖ್ಯ ನಾಣ್ಯ ಮೊನೆರೊ. ಅದನ್ನು ತೆಗೆಯುವ ಎಕ್ಸ್‌ಎಂರಿಗ್ ತಂತ್ರಾಂಶ ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ.

ವಿಂಡೋಸ್‌ನಲ್ಲಿ ಮೊದಲ ತಕರಾರು ತೆಗೆಯುವುದು ಡಿಫೆಂಡರ್. ಕಳ್ಳರು ಇದೇ ತಂತ್ರಾಂಶವನ್ನು ಬೇರೆಯವರ ಕಂಪ್ಯೂಟರಿಗೆ ತುರುಕುವುದರಿಂದ ಅದು ವೈರಸ್ ಎಂದೇ ಬಗೆದು ತಡೆಯುತ್ತದೆ. ಡಿಫೆಂಡರನ್ನು ಪೂರ್ತಿ ಆಫ್ ಮಾಡಿ ಎಂಬ ಯೂಟ್ಯೂಬ್ ಸಲಹೆಯನ್ನು ನಂಬುವುದು ಬಾಗಿಲು ತೆರೆದಿಟ್ಟು ಮಲಗಿದಂತೆ. ಮಧ್ಯರಾತ್ರಿ ಅಪ್‌ಡೇಟ್ ಬಂದು ಕಂಪ್ಯೂಟರ್ ರೀಸ್ಟಾರ್ಟ್ ಆಗುವುದೂ ಉಂಟು. ಲಿನಕ್ಸ್‌ಗೆ ಲೈಸೆನ್ಸ್ ಖರ್ಚಿಲ್ಲ. 1 ಜಿಬಿ ಗಾತ್ರದ ಮೆಮೊರಿ ಪುಟಗಳನ್ನು ಎಕ್ಸ್‌ಎಂರಿಗ್ ಬಳಸುವುದೂ ಅಲ್ಲಿ ಮಾತ್ರ. ಅದರಿಂದ ಸಿಗುವ ಹೆಚ್ಚುವರಿ ವೇಗ ಶೇ 1ರಿಂದ 3. ಗೆಲ್ಲುವುದು ಲಿನಕ್ಸೇ, ಆದರೆ ಗೆಲುವಿನ ಅಂತರ ಇಷ್ಟೇ.

ಈಗ ಮೀಟರಿನ ಲೆಕ್ಕ. 200 ವಾಟ್ ಎಳೆಯುವ ಡೆಸ್ಕ್‌ಟಾಪ್ ಹಗಲೂ ರಾತ್ರಿ ಓಡಿದರೆ ತಿಂಗಳಿಗೆ 144 ಯೂನಿಟ್. ನಮ್ಮಲ್ಲಿ ಎಷ್ಟೋ ಮನೆಗಳಿಗೆ ಗೃಹಜ್ಯೋತಿಯಿಂದಾಗಿ ಬಿಲ್ ಶೂನ್ಯ. ಆದರೆ ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. 80 ಯೂನಿಟ್ ಬಳಸುತ್ತಿದ್ದ ಮನೆ 224ಕ್ಕೆ ಏರುತ್ತದೆ. ಯೂನಿಟ್‌ಗೆ 6 ರೂಪಾಯಿ ಎಂದು ಹಿಡಿದರೂ 1,344 ರೂಪಾಯಿ. ಕಟ್ಟುವವರು ಮಗನಲ್ಲ, ಅಪ್ಪ!

ಇನ್ನು ಆದಾಯ. ಮೊನೆರೊದಲ್ಲಿ ಎರಡು ನಿಮಿಷಕ್ಕೊಮ್ಮೆ ಹುಟ್ಟುವ ಹೊಸ ನಾಣ್ಯ 0.6, ಅಂದರೆ ದಿನಕ್ಕೆ ಸುಮಾರು 432. ಇಡೀ ಜಗತ್ತಿನ ಮೈನರ್‌ಗಳು ಹಂಚಿಕೊಳ್ಳುವುದು ಇಷ್ಟನ್ನೇ. ಲಿನಕ್ಸ್‌ನ ಶೇ 3ರಿಂದ ನಮ್ಮ ಪಾಲು ಕಾಸಿನಷ್ಟು ಹಿಗ್ಗೀತು. ಮಾರಿ ಬಂದ ಲಾಭಕ್ಕೆ 2022ರ ಏಪ್ರಿಲ್‌ನಿಂದ ಶೇ 30 ತೆರಿಗೆ ಇದೆ. ಮೈನಿಂಗ್ ವ್ಯವಸ್ಥೆಗೆ ಮಾಡಿದ ಖರ್ಚನ್ನು ಅದರಲ್ಲಿ ಕಳೆಯುವಂತಿಲ್ಲ ಎಂದು ಸರ್ಕಾರ ಅದೇ ವರ್ಷ ಸಂಸತ್ತಿನಲ್ಲಿ ಹೇಳಿದೆ.

ಹಾಗಾದರೆ ಲಿನಕ್ಸ್ ಬೇಡವೇ? ಬೇಕು, ಬೇರೆ ಕಾರಣಕ್ಕೆ. 2017ರ ನವೆಂಬರ್‌ನಿಂದ ಜಗತ್ತಿನ ಅಗ್ರ 500 ಸೂಪರ್‌ ಕಂಪ್ಯೂಟರ್‌ಗಳೆಲ್ಲ ಓಡುತ್ತಿರುವುದು ಅದರಲ್ಲೇ. ಸರ್ವರ್, ಕ್ಲೌಡ್ ಕೆಲಸಗಳ ಸಂದರ್ಶನಕ್ಕೆ ಹೋಗುವವರಿಗೆ ಟರ್ಮಿನಲ್ ಗೊತ್ತಿರಬೇಕು. ಕುತೂಹಲವಿದ್ದವರು ಉಬುಂಟುವನ್ನು ಪೆನ್‌ಡ್ರೈವ್‌ನಿಂದಲೇ ಬೂಟ್ ಮಾಡಿ, ಒಂದೆರಡು ಗಂಟೆ ಮೈನಿಂಗ್ ಓಡಿಸಿ ನೋಡಬಹುದು. ವಿಂಡೋಸ್ ಅಳಿಸಬೇಕಾಗಿಲ್ಲ. ಕಾಲೇಜು ಲ್ಯಾಬಿನ ಕಂಪ್ಯೂಟರಿನಲ್ಲಿ ಮಾತ್ರ ಬೇಡ, ಅಲ್ಲಿಯ ಮೀಟರೂ ಓಡುತ್ತಿರುತ್ತದೆ.