ಮೋಡವನ್ನು ಬಳಸಿ ಹೋಗುವ ವಿಮಾನ

ಕಳೆದ ತುಲಾ ತಿಂಗಳಲ್ಲಿ ಒಂದು ಬೆಳಿಗ್ಗೆ ನಮ್ಮ ಶಾಲೆಯ ಹೆತ್ತವರೊಬ್ಬರು ಬಹಳ ಸಿಟ್ಟಿನಿಂದ ಶಿಕ್ಷಕರ ಕೊಠಡಿಗೆ ಬಂದರು. ಗಲ್ಫಿನಿಂದ ಬರಲಿದ್ದ ಹಿರಿಯ ಮಗನನ್ನು ಕರೆತರಲೆಂದು ಹಿಂದಿನ ಸಂಜೆ ಬಾಡಿಗೆ ಜೀಪಿನಲ್ಲಿ ಮಂಗಳೂರಿಗೆ ಹೋಗಿದ್ದರು. ಗುಡುಗು ಮಳೆ ಹಿಡಿದುಕೊಂಡಿತ್ತು. ವಿಮಾನ ಅಲ್ಲಿ ಇಳಿಯದೆ ಬೇರೆ ಊರಿಗೆ ಹೋಯಿತು. "ಅಷ್ಟು ಕೋಟಿಯ ವಿಮಾನ, ಅದರಲ್ಲಿ ರಾಡಾರ್ ಬೇರೆ ಉಂಟಂತೆ. ಮತ್ತೆ ಮಳೆಗೆ ಹೆದರುವುದು ಯಾಕೆ ಮಾಸ್ಟ್ರೇ?" ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಹಳಗನ್ನಡ ಕಲಿಸುವವರಿಗೆ ವಿಮಾನದ ಗೊಡವೆ ಏಕೆಂದು ಸುಮ್ಮನಿರಬಹುದಿತ್ತು. ಆದರೆ ಅಪ್ಪನೋ ಅಣ್ಣನೋ ಕಡಲಾಚೆ ಇರುವ ಮಕ್ಕಳು ನಮ್ಮ ಪ್ರತಿಯೊಂದು ತರಗತಿಯಲ್ಲೂ ಇದ್ದಾರೆ. ಆದುದರಿಂದ ಓದಿ ತಿಳಿದುದನ್ನು ಇಲ್ಲಿ ಬರೆಯುತ್ತಿದ್ದೇವೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ: ಆ ಪೈಲಟ್ ಮಾಡಿದ್ದು ಸರಿ.

ವಿಮಾನದ ಮೂಗಿನೊಳಗೆ ತಟ್ಟೆಯಂತಹ ಒಂದು ಆಂಟೆನಾ ಇರುತ್ತದೆ. ಅದು ಸುಮಾರು 3 ಸೆಂಟಿಮೀಟರ್ ಉದ್ದದ ರೇಡಿಯೋ ಅಲೆಗಳನ್ನು ಎಡಬಲಕ್ಕೆ ಬೀಸುತ್ತದೆ. ಮಳೆಹನಿಗೆ ತಾಗಿದ ಅಲೆಯಲ್ಲಿ ಸ್ವಲ್ಪ ಭಾಗ ಹಿಂದಿರುಗಿ ಬರುತ್ತದೆ. ಹೆಚ್ಚು ಬಂದಷ್ಟೂ ಅಲ್ಲಿ ಮಳೆ ಜೋರು. ಪೈಲಟರ ಮುಂದಿನ ತೆರೆಯಲ್ಲಿ ಹಗುರ ಮಳೆ ಹಸಿರಾಗಿ, ಅದಕ್ಕಿಂತ ಹೆಚ್ಚಿನದು ಹಳದಿಯಾಗಿ, ಬಿರುಸಾದುದು ಕೆಂಪಾಗಿ ಕಾಣಿಸುತ್ತದೆ. ಲೋಹವನ್ನು ಈ ಅಲೆಗಳು ದಾಟಲಾರವು. ಆದ್ದರಿಂದ ಮೂಗಿನ ತುದಿಯನ್ನು ಗಾಜಿನ ನಾರಿನಂತಹ ವಸ್ತುಗಳಿಂದ ಮಾಡುತ್ತಾರೆ. ಆಲಿಕಲ್ಲು ಬಡಿದರೆ ಬೇಗನೆ ಒಡೆಯುವುದೂ ಆ ಮೂಗೇ.

ಇಷ್ಟು ಓದಿದಾಗ ಆ ಹೆತ್ತವರ ಪ್ರಶ್ನೆ ನಮಗೂ ನ್ಯಾಯವೆನಿಸಿತು. ಬಣ್ಣ ನೋಡಿಕೊಂಡು ನಡುವೆ ನುಸುಳಿದರಾಯಿತಲ್ಲ? ತೊಡಕಿರುವುದು ಆ ಬಣ್ಣಗಳಲ್ಲಿಯೇ. ರಾಡಾರಿಗೆ ಚೆನ್ನಾಗಿ ಕಾಣುವುದು ನೀರು. ಮೈ ಒದ್ದೆಯಾದ ಆಲಿಕಲ್ಲು ಎದ್ದು ಕಾಣುತ್ತದೆ, ಒಣ ಆಲಿಕಲ್ಲು ಮಂಕಾಗಿ ಕಾಣುತ್ತದೆ. ಆಂಟೆನಾವನ್ನು ಬೇಕಾದುದಕ್ಕಿಂತ ಮೇಲಕ್ಕೆತ್ತಿದ್ದರೆ ಮೋಡದ ಹಿಮಗಟ್ಟಿದ ನೆತ್ತಿ ಮಾತ್ರ ಸಿಕ್ಕಿ, ಕೆಳಗಿನ ಅಬ್ಬರ ತಪ್ಪಿಹೋಗುತ್ತದೆ. ಇನ್ನೊಂದು ಸಂಗತಿ ಇವೆಲ್ಲಕ್ಕಿಂತ ಅಪಾಯಕಾರಿ. ಮಳೆ ಅತಿ ದಟ್ಟವಾಗಿದ್ದರೆ ಅಲೆಗಳು ಅದರಲ್ಲಿಯೇ ಇಂಗಿಹೋಗುತ್ತವೆ. ಅದರಾಚೆ ಏನಿದೆಯೆಂದು ನೋಡಿ ಬರಲು ಅಲೆಯೇ ಉಳಿಯುವುದಿಲ್ಲ. ಆಗ ಕೆಂಪಿನ ಹಿಂದೆ ತೆರೆ ಬರಿದೇ ಕಪ್ಪಾಗಿರುತ್ತದೆ. ಮಳೆಯೇ ಇಲ್ಲದ ಆಕಾಶವೂ ಆ ತೆರೆಯಲ್ಲಿ ಕಪ್ಪೇ!

1977ರ ಏಪ್ರಿಲ್ 4ರಂದು ಅಮೆರಿಕದಲ್ಲಿ ಸದರ್ನ್ ಏರ್‌ವೇಸ್ ಸಂಸ್ಥೆಯ 242ನೇ ಸಂಖ್ಯೆಯ ವಿಮಾನ ಹಂಟ್ಸ್‌ವಿಲ್‌ನಿಂದ ಅಟ್ಲಾಂಟಾಕ್ಕೆ ಹೊರಟಿತ್ತು. ದಾರಿಯಲ್ಲಿ ಭಾರಿ ಗುಡುಗು ಮೋಡಗಳು. ಪೈಲಟರಿಬ್ಬರು ರಾಡಾರ್ ನೋಡಿ ದಾರಿ ಹುಡುಕಿದರು. ತೆರೆಯಲ್ಲಿ ತೆರವಾಗಿ ಕಂಡಿರಬಹುದಾದ ಜಾಗವೇ ಬಿರುಗಾಳಿಯ ಅತ್ಯಂತ ಬಿರುಸಾದ ಭಾಗವಾಗಿತ್ತೆಂದು ತೋರುತ್ತದೆ. ಮಳೆಯನ್ನೂ ಆಲಿಕಲ್ಲನ್ನೂ ನುಂಗಿ ಎರಡು ಎಂಜಿನುಗಳೂ ಕೆಟ್ಟವು. ನ್ಯೂ ಹೋಪ್ ಎಂಬ ಸಣ್ಣ ಊರಿನ ಹೆದ್ದಾರಿಯಲ್ಲಿ ಇಳಿಸಲು ಪ್ರಯತ್ನಿಸಿದರು. ಪೈಲಟರಿಬ್ಬರೂ ಸೇರಿ, ನೆಲದ ಮೇಲಿದ್ದ 9 ಮಂದಿಯೂ ಸೇರಿ, ಒಟ್ಟು 72 ಜನ ಪ್ರಾಣ ಕಳೆದುಕೊಂಡರು. ತನಿಖೆ ಮಾಡಿದವರು ಪೈಲಟರನ್ನು ಮಾತ್ರ ಹೊಣೆ ಮಾಡಲಿಲ್ಲವೆಂಬುದು ನಮಗೆ ಮುಖ್ಯವಾಗಿ ಕಂಡಿತು. ಹವೆಯ ಹೊಸ ವರ್ತಮಾನವನ್ನು ಸಕಾಲದಲ್ಲಿ ತಲುಪಿಸದಿದ್ದ ಸಂಸ್ಥೆಯತ್ತಲೂ ಅವರು ಬೆರಳು ತೋರಿಸಿದರು.

ಅಂದಿನಿಂದ ರಾಡಾರುಗಳು ಬಹಳ ಸುಧಾರಿಸಿವೆ. ಆಲಿಕಲ್ಲು ನುಂಗಿಯೂ ಆರದಂತೆ ಎಂಜಿನುಗಳನ್ನು ತಿದ್ದಿದ್ದಾರೆ. ಆದರೂ ಬಿರುಸಾದ ಗುಡುಗು ಮೋಡದಿಂದ ಕನಿಷ್ಠ 20 ನಾಟಿಕಲ್ ಮೈಲು, ಅಂದರೆ ಸುಮಾರು 37 ಕಿಲೋಮೀಟರು, ದೂರವಿರಬೇಕೆಂಬುದು ಅಮೆರಿಕದ ವಿಮಾನಯಾನ ಇಲಾಖೆಯ ಸಲಹೆ. ರಾಡಾರ್ ಇರುವುದು ಮೋಡವನ್ನು ಬಳಸಿ ಹೋಗಲಿಕ್ಕೆ.

ಬಳಸಿ ಹೋಗಲು ಜಾಗ ಸಿಗದಿದ್ದರೆ ಏನಾಗುತ್ತದೆಂಬುದನ್ನು 2025ರ ಮೇ 21ರಂದು ನಮ್ಮ ದೇಶದಲ್ಲಿಯೇ ಕಂಡೆವು. ದೆಹಲಿಯಿಂದ ಶ್ರೀನಗರಕ್ಕೆ 200ಕ್ಕೂ ಹೆಚ್ಚು ಜನರನ್ನು ಒಯ್ಯುತ್ತಿದ್ದ ಇಂಡಿಗೋ ವಿಮಾನಕ್ಕೆ ಪಠಾಣಕೋಟದ ಹತ್ತಿರ ಬಿರುಮೋಡ ಎದುರಾಯಿತು. ಎಡಕ್ಕೆ, ಗಡಿಯ ಕಡೆಗೆ, ಸರಿಯಲು ಪೈಲಟರು ಅನುಮತಿ ಕೇಳಿದರು. ಸಿಗಲಿಲ್ಲ. ಲಾಹೋರಿನವರನ್ನು ಕೇಳಿದರು. ಅವರೂ ಒಪ್ಪಲಿಲ್ಲ. ಆಗ ಎರಡೂ ದೇಶಗಳು ಪರಸ್ಪರರ ವಿಮಾನಗಳಿಗೆ ತಮ್ಮ ಆಕಾಶವನ್ನು ಮುಚ್ಚಿದ್ದವು. ಹಿಂದಿರುಗೋಣವೆಂದರೆ ಮೋಡ ತೀರ ಹತ್ತಿರವಾಗಿತ್ತು. ಕೊನೆಗೆ ಆಲಿಕಲ್ಲಿನೊಳಗೇ ಹಾದು ಶ್ರೀನಗರದಲ್ಲಿ ಕ್ಷೇಮವಾಗಿ ಇಳಿಸಿದರು. ಮೂಗು ಒಡೆದಿತ್ತು, ಪ್ರಯಾಣಿಕರಿಗೆ ಗಾಯವಾಗಲಿಲ್ಲ. ಗಡಿಯಲ್ಲಿ ಬಾಳುವ ನಮಗೆ ಈ ಸುದ್ದಿ ಓದಿದಾಗ ಏನನಿಸಿತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಹೀಗಿರುವಾಗ, ವಿಮಾನ ತಡವಾಯಿತೆಂದು ಪೈಲಟರನ್ನು ಬೈಯುವುದು ನಮಗೆ ಸರಿಕಾಣುವುದಿಲ್ಲ. ಅವರ ಮೇಲೆ ಹೊತ್ತಿನ ಒತ್ತಡ ಮೊದಲೇ ಇರುತ್ತದೆ. ಸುತ್ತು ಹೋದರೆ ಇಂಧನದ ಖರ್ಚು ಹೆಚ್ಚುತ್ತದೆ, ಮುಂದಿನ ಹಾರಾಟವೂ ತಡವಾಗುತ್ತದೆ. ಅದರ ಮೇಲೆ ನಮ್ಮ ಗೊಣಗಾಟವನ್ನೂ ಏಕೆ ಹೇರಬೇಕು? ಹಾಗೆಂದು ಹೆತ್ತವರ ದುಃಖವನ್ನು ನಾವು ಹಗುರವಾಗಿ ಎಣಿಸುವುದಿಲ್ಲ. 30 ದಿನಗಳ ರಜೆಯಲ್ಲಿ ಒಂದು ದಿನ ಹೋಯಿತೆಂದರೆ, ಅದರ ಬೆಲೆ ಮಗನ ದಾರಿ ನೋಡುತ್ತಿರುವ ತಾಯಿಗೆ ಗೊತ್ತು. ಸಿಟ್ಟು ಮಾಡಲೇಬೇಕಾದರೆ, ವಿಮಾನ ಎಲ್ಲಿಗೆ ಹೋಯಿತೆಂದು ಹೇಳದೆ ನಡುರಾತ್ರಿ ಜನರನ್ನು ಹೊರಗೆ ಕಾಯಿಸುವ ಕಚೇರಿಗಳ ಮೇಲೆ ಮಾಡೋಣ. ಅಲ್ಲಿ ಕೇಳುವ ಹಕ್ಕು ನಮಗಿದೆ, ಕೇಳಲೂ ಬೇಕು.

ಇದನ್ನೆಲ್ಲ ಆ ಹೆತ್ತವರಿಗೆ ಹೇಳಲು ಒಂದು ವಾರವೇ ಹಿಡಿಯಿತು. ಅವರು ಪೂರ್ತಿ ಕೇಳಿ, "ಹಾಗಾದರೆ ಆ ಕಪ್ಪು ನಿಜವಾಗಿ ಖಾಲಿಯೋ ಅಲ್ಲವೋ ಎಂದು ಅವರಿಗೂ ಗೊತ್ತಾಗುವುದಿಲ್ಲವೋ?" ಎಂದರು. ಒಮ್ಮೊಮ್ಮೆ ಗೊತ್ತಾಗುವುದಿಲ್ಲ, ಆದ್ದರಿಂದಲೇ ದೂರ ಹೋಗುತ್ತಾರೆ ಎಂದೆವು. ಮಗ ಆ ದಿನ ಮಧ್ಯಾಹ್ನವೇ ಬಸ್ಸಿನಲ್ಲಿ ಬಂದು ಇಳಿದಿದ್ದನಂತೆ. ಅವನು ತಂದ ಖರ್ಜೂರದ ಒಂದು ಪೊಟ್ಟಣ ನಮ್ಮ ಮೇಜಿನ ಮೇಲಿಟ್ಟು ಹೋದರು.