ಅರ್ಧ ಸೆಕೆಂಡಿಗೆ ಸಿಕ್ಕಿಬಿದ್ದ ಕಳ್ಳ

ಗೆಳೆಯರೇ, ಸರ್ಟಿಫಿಕೇಟಿನ ಕಂತೆ ಹೊತ್ತು ಸಾಫ್ಟ್‌ವೇರ್ ಕೆಲಸಕ್ಕೆ ಅಲೆಯುವ ಮುನ್ನ ಆಂಡ್ರೆಸ್ ಫ್ರಾಯಿಂಡ್ ಕತೆ ಕೇಳಿ. ಪೋಸ್ಟ್‌ಗ್ರೆಸ್ ಎಂಬ ಮುಕ್ತ ಡೇಟಾಬೇಸ್ ಕಟ್ಟುವವರಲ್ಲಿ ಆತನೂ ಒಬ್ಬ. 2024ರ ಮಾರ್ಚ್‌ನಲ್ಲಿ ಆತನ ಯಂತ್ರದಲ್ಲಿ ಲಾಗಿನ್ ಅರ್ಧ ಸೆಕೆಂಡು ತಡವಾಯಿತು. ನಾವಾಗಿದ್ದರೆ ನೆಟ್‌ವರ್ಕಿಗೆ ಬೈದು ಸುಮ್ಮನಾಗುತ್ತಿದ್ದೆವು. ಆತ ಬಿಡಲಿಲ್ಲ, ಅಗೆದ. ಫೈಲು ಕುಗ್ಗಿಸುವ ಎಕ್ಸ್‌ಝಡ್ ತಂತ್ರಾಂಶದೊಳಗೆ, ಲಿನಕ್ಸ್ ಸರ್ವರುಗಳಿಗೆ ನುಗ್ಗಲು ಕೊರೆದ ಕನ್ನ ಸಿಕ್ಕಿತು!

ಕೊರೆದವನು ಎರಡು ವರ್ಷಕ್ಕೂ ಮಿಕ್ಕಿ ಸಹಾಯಕನ ವೇಷ ಹಾಕಿ ನಂಬಿಸಿದ್ದ. ದಣಿದ ಒಬ್ಬನೇ ಸ್ವಯಂಸೇವಕ ಬಹುಕಾಲ ಹೊತ್ತ ಆ ತಂತ್ರಾಂಶವನ್ನು ದೊಡ್ಡ ದೊಡ್ಡ ಕಂಪನಿಗಳು ಪುಕ್ಕಟೆ ಬಳಸುತ್ತಿದ್ದವು. ನಾಚಿಕೆಗೇಡು!

ಕೋಡ್ ಬೀಗದೊಳಗಿದ್ದರೆ ಫ್ರಾಯಿಂಡ್ ಅಗೆಯುವುದಾದರೂ ಎಲ್ಲಿ? ಮೂರು ತಿಂಗಳ ಕೋರ್ಸು ಈ ಹಟ ಕಲಿಸದು. ಪೋಸ್ಟ್‌ಗ್ರೆಸ್ ಕೋಡ್ ಇಂದಿಗೂ ಬಿಟ್ಟಿ ಸಿಗುತ್ತದೆ. ಇಳಿಸಿಕೊಂಡು ಓದಲು ಯಾರಪ್ಪನ ಅಪ್ಪಣೆ ಬೇಕು?