ಊರಿನ ಲೆಕ್ಕ ಊರಿನ ಗೋಡೆ ಮೇಲಿರಲಿ



‘ದೇವರು ವರ ಕೊಟ್ಟರೂ ಪೂಜಾರಿ ಕೊಡ’ ಎಂಬ ಗಾದೆ ನಮಗೆಲ್ಲ ಗೊತ್ತು. ಹಿಂದೆ ಹೊಲದ ಕಾಗದಪತ್ರದ ಕತೆಯೂ ಹೀಗೇ ಇತ್ತು ಅಂತ ನಮ್ಮ ಮುತ್ಯಾ ಹೇಳ್ತಾರೆ. ಪಹಣಿ ಬೇಕಾದರೆ ಗ್ರಾಮ ಲೆಕ್ಕಿಗರನ್ನು ಹುಡುಕಿಕೊಂಡು ಹೋಗಬೇಕು. ಅವರು ಸಿಕ್ಕರೆ ಪುಸ್ತಕ ಇರೋದಿಲ್ಲ, ಪುಸ್ತಕ ಇದ್ದರೆ ಅವರು ಇರೋದಿಲ್ಲ. ಹೊಲ ನಮ್ಮದು, ಅದರ ಲೆಕ್ಕ ಮಾತ್ರ ಇನ್ನೊಬ್ಬರ ಚೀಲದಲ್ಲಿ!

2000-01ರ ಸುಮಾರಿಗೆ ನಮ್ಮ ರಾಜ್ಯದಲ್ಲಿ ‘ಭೂಮಿ’ ಯೋಜನೆ ಬಂತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದರು. ಆಗ ತಾಲ್ಲೂಕು ಕೇಂದ್ರದಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಸಿಗತೊಡಗಿತು. 2005ರಲ್ಲಿ ಮಾಹಿತಿ ಹಕ್ಕು ಕಾಯ್ದೆ ಬಂತು. ಈಗಂತೂ ಪಹಣಿಯನ್ನು ಮೊಬೈಲಿನಲ್ಲೇ ನೋಡಬಹುದು. ಇದೆಲ್ಲ ಒಳ್ಳೆಯ ಕೆಲಸವೇ, ಇಲ್ಲ ಅನ್ನುವುದಿಲ್ಲ.

“ಹಾಗಾದರೆ ಎಲ್ಲ ಸರಿಹೋಯ್ತಲ್ಲ” ಅಂತ ನೀವು ಕೇಳಬಹುದು. ನಾನೂ ಹಾಗೇ ತಿಳಿದಿದ್ದೆ.

ಹೋದ ವರ್ಷ ಅಪ್ಪ ತೊಗರಿ ಬಿತ್ತಿದ್ದರು. ರಾಶಿ ಮಾಡಿ ಬೆಂಬಲ ಬೆಲೆಗೆ ಕೊಡಲು ಹೋದರೆ, ಕಂಪ್ಯೂಟರಿನಲ್ಲಿ ನಮ್ಮ ಹೊಲಕ್ಕೆ ತೊಗರಿ ಬದಲು ಹೆಸರುಕಾಳು ಅಂತ ಬಿದ್ದಿತ್ತು. “ಬಿತ್ತಿದಾಂವ ನಾ, ಬೆಳಿ ಬದಲು ಮಾಡಿದವ್ರು ಯಾರ್ರೀ?” ಅಂತ ಅಪ್ಪ ಕೇಳಿದರು. ತಕರಾರು ಹೇಳುವ ದಿನ ಮುಗಿದಿದೆ ಅಂದರು. ಕೊನೆಗೆ ಸಿಕ್ಕಷ್ಟು ದರಕ್ಕೆ ಅಡತಿಗೆ ಹಾಕಿ ಬಂದೆವು. ಅಕ್ಕನ ಕಾಲೇಜು ಫೀಜಿಗೆ ಸಾಲ ಮಾಡಬೇಕಾಯಿತು.

ಆ ಬೆಳೆ ವಿವರವನ್ನು ಯಾರೂ ಮುಚ್ಚಿಟ್ಟಿರಲಿಲ್ಲ. ಮೊಬೈಲಿನಲ್ಲಿ ನೋಡಬಹುದಿತ್ತು. ಆದರೆ ಅದು ಅಲ್ಲಿದೆ, ಇಷ್ಟು ದಿನದೊಳಗೆ ನೋಡಿ ತಕರಾರು ಹೇಳಬೇಕು ಅಂತ ಅಪ್ಪನಿಗೆ ಯಾರೂ ಹೇಳಲಿಲ್ಲ. ಬಾಗಿಲು ತೆರೆದಿದ್ದರೂ ಅದು ಎಲ್ಲಿದೆ ಅಂತ ಗೊತ್ತಿಲ್ಲದವನಿಗೆ ಮುಚ್ಚಿದ ಹಾಗೇ ಅಲ್ಲವೇ?

ಸಮಾಜ ವಿಜ್ಞಾನದ ಗುರುಗಳು ನನಗೆ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಓದಿಸಿದರು. ಜನ ಕೇಳುವ ಮೊದಲೇ ಸರ್ಕಾರ ತಾನಾಗಿ ಮಾಹಿತಿ ತಿಳಿಸುತ್ತ ಇರಬೇಕು, ಸ್ಥಳೀಯ ಭಾಷೆಯನ್ನು, ಅಲ್ಲಿನ ಜನರಿಗೆ ಚೆನ್ನಾಗಿ ಮುಟ್ಟುವ ರೀತಿಯನ್ನು ಗಮನಿಸಬೇಕು ಅಂತ ಅದರಲ್ಲಿದೆ. ತಿಳಿಸುವ ದಾರಿಗಳನ್ನು ಹೇಳುವಾಗ ಮೊದಲು ಬರುವುದು ಸೂಚನಾ ಫಲಕ! ಇಂಟರ್ನೆಟ್ ಆಮೇಲೆ.

ರಾಜಸ್ಥಾನದಲ್ಲಿ 1994ರಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಹಳ್ಳಿ ಜನರನ್ನು ಕೂಡಿಸಿ, ಕಾಮಗಾರಿಯ ಕೂಲಿ ಪಟ್ಟಿಯನ್ನು ಗಟ್ಟಿಯಾಗಿ ಓದಿದರು. ಕೆಲಸಕ್ಕೇ ಬಾರದವರ ಹೆಸರೂ ಅದರಲ್ಲಿದ್ದವು. ಕೇಳಿದ ಕೂಡಲೇ ಜನ ಕಳ್ಳ ಲೆಕ್ಕ ಹಿಡಿದರು. ಅದಕ್ಕೆ ಯಾವ ಕಂಪ್ಯೂಟರೂ ಬೇಕಾಗಲಿಲ್ಲ. ಮುಂದೆ ದೇಶಕ್ಕೆ ಮಾಹಿತಿ ಹಕ್ಕು ಬಂದದ್ದರಲ್ಲಿ ಈ ಹೋರಾಟದ ಪಾಲು ದೊಡ್ಡದು.

ಕಂಪ್ಯೂಟರ್ ಬೇಡ ಅಂತ ನಾನು ಹೇಳುತ್ತಿಲ್ಲ. ಅದರಲ್ಲಿದ್ದದ್ದು ಊರಿಗೂ ಕಾಣಲಿ ಅಂತ ಹೇಳುತ್ತಿದ್ದೇನೆ. ತಕರಾರಿನ ದಿನ ಮುಗಿಯುವ ಮುಂಚೆ ಯಾವ ಸರ್ವೆ ನಂಬರಿಗೆ ಯಾವ ಬೆಳೆ ಅನ್ನುವ ಪಟ್ಟಿಯನ್ನು ಪಂಚಾಯ್ತಿ ಗೋಡೆಗೆ ಹಚ್ಚಲಿ, ಗ್ರಾಮಸಭೆಯಲ್ಲಿ ಓದಲಿ. ಆಧಾರ್ ನಂಬರು, ಬ್ಯಾಂಕ್ ಖಾತೆ ಮಾತ್ರ ಬರೆಯುವುದು ಬೇಡ, ಅದು ಅವರವರ ಗುಟ್ಟು. ಬರೆಯಲು ಆಳಿಲ್ಲ ಅಂದರೆ ನಾವಿದ್ದೇವೆ. ನಮ್ಮ ಅಕ್ಷರ ದುಂಡಗಿದೆ.

ಹೋದ ಸಂಚಿಕೆಯಲ್ಲಿ ನಾನು ಒಂದು ಒತ್ತಕ್ಷರ ತಪ್ಪು ಬರೆದಿದ್ದೆ. ಪ್ರಾರ್ಥನೆ ಮುಗಿಯುವಷ್ಟರಲ್ಲಿ 5ನೇ ತರಗತಿಯ ಹುಡುಗನೊಬ್ಬ ಬಂದು ಬೆರಳಿಟ್ಟು ತೋರಿಸಿದ. ಗೋಡೆ ಮೇಲೆ ಇತ್ತು, ಅದಕ್ಕೇ ಸಿಕ್ಕಿತು.

ನಮ್ಮ ತೊಗರಿಯೂ ಹಾಗೆ ಸಿಗುತ್ತಿತ್ತು. ಏನಂತೀರಿ?

– 9ನೇ ತರಗತಿಯ ವಿದ್ಯಾರ್ಥಿನಿ